ಚುರುಕು ಮಕ್ಕಳನ್ನು ಅಳೆದ ಕಥೆ: ಧಾರವಾಡದ ಕಾಮತರಿಂದ ದಾವಣಗೆರೆಯ ಫ್ಲೆಕ್ಸ್‌ವರೆಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಊಟ ಮಾಡಲೂ ಪುರುಸೊತ್ತು ಇರುವುದಿಲ್ಲ. ದಾವಣಗೆರೆಯಲ್ಲಿ ನಾಲ್ಕು ಮನೆ, ಹರಿಹರದಲ್ಲಿ ಎರಡು ಮನೆ. ಎಲ್ಲ ಕಡೆ ಅದೇ ಫೋಟೊ. ಅಪ್ಪ, ಅಮ್ಮ ಇಬ್ಬರೂ ಸೇರಿ ಮಗುವಿನ ಬಾಯಿಗೆ ಪೇಡ ಇಡುತ್ತಿರುತ್ತಾರೆ, ಮಗು ಕ್ಯಾಮೆರಾ ನೋಡುತ್ತಿರುತ್ತದೆ. ವಾರದೊಳಗೆ ಸರ್ಕಲ್ಲುಗಳಲ್ಲಿ ಕಾಲೇಜುಗಳ ಫ್ಲೆಕ್ಸ್ ಏಳುತ್ತವೆ. ಆಮೇಲೆ ಒಂದೊಂದು ಸಮಾಜದವರದು ಒಂದೊಂದು ಪ್ರತಿಭಾ ಪುರಸ್ಕಾರ. ಶೇ 90 ದಾಟಿದವರಿಗೆ ಶಾಲು, ಹಾರ, ಒಂದು ಸ್ಮರಣಿಕೆ.

ನಮ್ಮ ಕಡೆ ‘ಪ್ರತಿಭೆ’ ಅನ್ನುವ ಮಾತಿಗೆ ಈಗ ಇಷ್ಟೇ ಅರ್ಥ ಉಳಿದಿದೆ. ಇದನ್ನು ಬರೆದು ಬರೆದು ಗಟ್ಟಿ ಮಾಡಿದವರಲ್ಲಿ ನಾವೂ ಇದ್ದೇವೆ.

ನಮ್ಮದು ಇನ್ನೊಂದು ತಪ್ಪೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆರು ವರ್ಷದ ಹುಡುಗನೊಬ್ಬ ದೇಶಗಳ ರಾಜಧಾನಿಗಳನ್ನೆಲ್ಲ ಪಟಪಟ ಹೇಳುತ್ತಾನೆ ಎಂದು ಕೇಳಿ ಹೋದೆವು. ಹೇಳಿದ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿ ‘ನಮ್ಮೂರ ಕಂಪ್ಯೂಟರ್’ ಎಂದು ಹೆಸರಿಟ್ಟು ಹಾಕಿದೆವು. ಅದು ಊರೂರು ತಿರುಗಿತು. ಆ ವರ್ಷ ಗಣಪತಿ ಪೆಂಡಾಲು, ಜಾತ್ರೆ, ಶಾಲಾ ವಾರ್ಷಿಕೋತ್ಸವ ಎಲ್ಲ ಕಡೆ ಅವನನ್ನು ಕುರ್ಚಿ ಮೇಲೆ ನಿಲ್ಲಿಸಿ ರಾಜಧಾನಿ ಹೇಳಿಸಿದರು.

ಮೂರು ವರ್ಷ ಬಿಟ್ಟು ಬೇರೆ ಸುದ್ದಿಗೆ ಹೋದಾಗ ಅವನ ತಾಯಿ ಸಿಕ್ಕರು. ‘ಯಾರಾದ್ರೂ ಮನಿಗೆ ಬಂದ್ರೆ ಈಗ ಒಳಗೋಗಿ ಕೂತ್ಕಂಬಿಡ್ತಾನ್ರೀ. ಎಲ್ರೂ ಹೇಳಪ್ಪ ಹೇಳಪ್ಪ ಅಂದ್ರು. ಮುಂದೆ ಏನ್ ಕಲಿಸ್ಬೇಕು ಅಂತ ಒಬ್ರೂ ಹೇಳ್ಲಿಲ್ಲ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆದರೂ ಆ ದಿನ ವಾಪಸ್ ಬರುವಾಗ ನಮಗೆ ಬೈಕ್ ಓಡಿಸುವುದು ಕಷ್ಟವಾಯಿತು.

ಚುರುಕಾದ ಮಗುವನ್ನು ನಮ್ಮ ನಾಡಿನಲ್ಲಿ ಹಿಂದಿನವರು ಹೇಗೆ ಗುರುತಿಸುತ್ತಿದ್ದರು, ಗುರುತಿಸಿದ ಮೇಲೆ ಏನು ಮಾಡುತ್ತಿದ್ದರು ಎಂದು ಅಂದಿನಿಂದ ಹುಡುಕಲು ಶುರು ಮಾಡಿದೆವು. ಸಿಕ್ಕಿದ ಕಥೆ ಹರಿಹರದ ಸೇತುವೆಯಿಂದಲೇ ಶುರುವಾಗುತ್ತದೆ.

ಹೊಳೆ ಈಚೆ, ಹೊಳೆ ಆಚೆ

ಇವತ್ತು ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ, ಅಲ್ಲಿಂದ ಮುಂದೆ ರಾಣೆಬೆನ್ನೂರು. ಒಂದು ಜಿಲ್ಲೆ ಬಿಟ್ಟು ಇನ್ನೊಂದು ಜಿಲ್ಲೆಗೆ ಹೋದೆವು, ಅಷ್ಟೆ. 1956ರ ನವೆಂಬರ್ 1ಕ್ಕಿಂತ ಮೊದಲು ಹಾಗಿರಲಿಲ್ಲ. ಈಚೆ ದಡದ ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ಕಡೆ ಕನ್ನಡವೇ ಆದರೂ ಆಚೆಯ ಹುಡುಗರು ಮುಲ್ಕಿ ಪರೀಕ್ಷೆ ಕಟ್ಟಿದರೆ ಈಚೆಯವರು ಎಲ್.ಎಸ್. ಪರೀಕ್ಷೆ ಕಟ್ಟುತ್ತಿದ್ದರು.

ಮಕ್ಕಳ ಬುದ್ಧಿಯನ್ನು ಅಳೆಯುವ ವಿದ್ಯೆಯೂ ಎರಡು ದಡಕ್ಕೆ ಬೇರೆ ಬೇರೆ ದಾರಿಯಲ್ಲಿ ಬಂತು.

ಈಚೆ ಕಡೆ ಅದು ಮೈಸೂರಿಗೆ ಬಂತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ವಿದ್ವಾಂಸರ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಈ ಸ್ಪಿಯರ್‌ಮನ್ ಅಂದರೆ ಎಲ್ಲ ಬಗೆಯ ಜಾಣತನದ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇರುತ್ತದೆ ಎಂದು ವಾದಿಸಿದವರು. ಗೋಪಾಲಸ್ವಾಮಿಯವರ ಹೆಸರನ್ನು ನೀವು ಬೇರೆ ಕಾರಣಕ್ಕೆ ಕೇಳಿರಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದವರು ಅವರೇ. ಅದರ ಹೆಸರು ‘ಆಕಾಶವಾಣಿ’. ಇಡೀ ದೇಶದ ರೇಡಿಯೊಗೆ ಮುಂದೆ ಅದೇ ಹೆಸರಾಯಿತು.

ಆಚೆ ಕಡೆಯ ಕೆಲಸ ಧಾರವಾಡದಲ್ಲಿ ನಡೆಯಿತು. ಅದನ್ನು ಮಾಡಿದವರು ವಿ.ವಿ. ಕಾಮತ್.

ಪ್ಯಾರಿಸ್ಸಿನ ಪ್ರಶ್ನೆಗಳು ಕನ್ನಡಕ್ಕೆ ಬಂದವು

ಕಾಮತರ ಕೆಲಸ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಎಂಬ ಇಬ್ಬರು ಮಕ್ಕಳಿಗೆ ಕೇಳುವ ಒಂದಿಷ್ಟು ಪ್ರಶ್ನೆಗಳ ಪಟ್ಟಿ ಮಾಡಿದರು. ಬುದ್ಧಿವಂತರನ್ನು ಮೆರೆಸುವ ಉದ್ದೇಶ ಅದಕ್ಕಿರಲಿಲ್ಲ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳು ಯಾರು, ಅವರಿಗೆ ಬೇರೆ ರೀತಿಯ ಪಾಠ ಬೇಕೇ ಎಂದು ತಿಳಿಯಲು ಅದನ್ನು ಮಾಡಿದ್ದು. ಬುದ್ಧಿ ಹುಟ್ಟಿದಷ್ಟೇ ಇರುತ್ತದೆ, ಬೆಳೆಯುವುದಿಲ್ಲ ಎನ್ನುವವರನ್ನು ಬಿನೆ ಒಪ್ಪುತ್ತಿರಲಿಲ್ಲ.

ಲೆಕ್ಕ ಸರಳ. ಎಂಟು ವರ್ಷದ ಹುಡುಗಿ ಹತ್ತು ವರ್ಷದವರು ಮಾಡುವುದನ್ನೆಲ್ಲ ಮಾಡಿದರೆ ಅವಳ ಮಾನಸಿಕ ವಯಸ್ಸು ಹತ್ತು. ಹತ್ತನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ 125. ಇದೇ ಐಕ್ಯೂ. ಡಿ.ಎಡ್. ಪುಸ್ತಕಗಳಲ್ಲಿ ಬುದ್ಧಿಲಬ್ಧ ಎನ್ನುತ್ತಾರೆ. ಹೀಗೆ ಭಾಗಿಸುವ ಸಲಹೆ ಕೊಟ್ಟವರು ಜರ್ಮನಿಯ ವಿಲಿಯಂ ಸ್ಟರ್ನ್, 1912ರಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಬಿನೆಯ ಪ್ರಶ್ನೆಗಳನ್ನು ತಿದ್ದಿ ಬೆಳೆಸಿದರು.

ಆದರೆ ಪ್ಯಾರಿಸ್ಸಿನ ಮಗುವಿಗೋ ಕ್ಯಾಲಿಫೋರ್ನಿಯಾದ ಮಗುವಿಗೋ ಮಾಡಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೇ ಕೇಳುವಂತಿಲ್ಲ. ನಮ್ಮ ನಾಣ್ಯ ಬೇರೆ, ಮನೆ ಬೇರೆ, ಮಾತು ಬೇರೆ. ಯಾವ ವಯಸ್ಸಿನ ಮಗು ಯಾವುದನ್ನು ಮಾಡುತ್ತದೆ ಎಂಬುದೂ ಬೇರೆಯಿರಬಹುದು. ಅದಕ್ಕೆ ಕಾಮತರು ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಧಾರವಾಡದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಕೇಳಿ, ನಮ್ಮ ಮಕ್ಕಳಿಗೆ ಸಲ್ಲುವ ಅಳತೆ ಕಟ್ಟಿದರು. ಭಾರತೀಯ ಮಕ್ಕಳ ಬುದ್ಧಿಶಕ್ತಿ ಅಳೆಯುವ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ 1940ರಲ್ಲಿ ಬಂತು. ಅದೇ ‘ಬಿನೆ-ಕಾಮತ್ ಪರೀಕ್ಷೆ’.

ಅದರಲ್ಲಿ ಏನೇನಿದೆ? ಭಾಷೆ, ನೆನಪು, ಚಿತ್ರ-ಆಕೃತಿ ನೋಡಿ ಯೋಚಿಸುವುದು, ಲೆಕ್ಕದ ತರ್ಕ, ಮಾತಿನ ತರ್ಕ, ಜೊತೆಗೆ ನಾಲ್ಕು ಜನರ ನಡುವೆ ಹೇಗೆ ನಡೆಯಬೇಕೆಂಬ ತಿಳಿವಳಿಕೆ. ಒಬ್ಬರು ಪರೀಕ್ಷಕರು, ಒಂದು ಮಗು, ಎದುರುಬದುರು ಕೂತು ನಡೆಸುವ ಪರೀಕ್ಷೆ ಇದು. ಉತ್ತರ ಪತ್ರಿಕೆಗೆ ಗುಂಡಿ ತುಂಬುವ ಕೆಲಸವಿಲ್ಲ. ಮೂರು ವರ್ಷದ ಮಗುವಿಗೂ ಮಾಡಬಹುದು.

ಕನ್ನಡದ ಮಗುವನ್ನು ಕನ್ನಡದಲ್ಲೇ ಕೇಳಿ ಅಳೆಯಬೇಕು ಎಂದು ಸ್ವಾತಂತ್ರ್ಯಕ್ಕಿಂತ ಮೊದಲೇ ಒಬ್ಬರು ಸಾವಿರ ಮಕ್ಕಳ ಎದುರು ಕೂತಿದ್ದರು ಎನ್ನುವುದನ್ನು ನಾವು ಡಿಪ್ಲೊಮಾ ಓದುವಾಗ ಯಾರೂ ಹೇಳಿರಲಿಲ್ಲ.

ಈ ಪರೀಕ್ಷೆ ಇವತ್ತಿಗೂ ಬದುಕಿದೆ. ಆದರೆ ಹೆಚ್ಚಾಗಿ ಅದನ್ನು ತೆಗೆಯುವುದು ಬೌದ್ಧಿಕ ಅಸಾಮರ್ಥ್ಯದ ಮಗುವಿಗೆ ಪ್ರಮಾಣಪತ್ರ ಬೇಕಾದಾಗ. ಅದು ಬೇಕಾದ ಕೆಲಸವೇ, ಬಿನೆ ಶುರು ಮಾಡಿದ್ದೂ ಅದಕ್ಕೇ. ಆದರೆ ಅದೇ ಅಳತೆಯ ಇನ್ನೊಂದು ತುದಿಯಲ್ಲಿರುವ ಮಗುವನ್ನು ಹಳ್ಳಿಯಲ್ಲಿ ಯಾರೂ ಕೂರಿಸಿ ಕೇಳುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಕಾಮತರ ಅಳತೆ ಸುಮಾರು ತೊಂಬತ್ತು ವರ್ಷದ ಹಿಂದಿನ ಧಾರವಾಡದ್ದು. ಆಮೇಲೆ ಎಷ್ಟೋ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕ ಏರುತ್ತಾ ಬಂದಿದ್ದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಹಳೆಯ ಅಳತೆಯಲ್ಲಿ ಇವತ್ತಿನ ಮಗು ಇರುವುದಕ್ಕಿಂತ ಜಾಣನಾಗಿ ಕಾಣಬಹುದು. ಯಾರಾದರೂ ‘ನಿಮ್ಮ ಮಗನ ಐಕ್ಯೂ 140’ ಎಂದು ದುಡ್ಡು ಇಸಿದುಕೊಂಡು ಚೀಟಿ ಕೊಟ್ಟರೆ, ಯಾವ ಪರೀಕ್ಷೆ, ಯಾವ ಕಾಲದ ಅಳತೆ, ಮಾಡಿದವರು ಮನಶ್ಶಾಸ್ತ್ರ ಓದಿದವರೇ ಎಂದು ಕೇಳಿ.

ಅಳೆಯದೆ ಗುರುತಿಸಿದವರು

ಕಾಮತರಿಗಿಂತ ಮೊದಲು ನಮ್ಮಲ್ಲಿ ಚುರುಕು ಮಕ್ಕಳನ್ನು ಗುರುತಿಸುವವರು ಇರಲಿಲ್ಲವೇ? ಇದ್ದರು. ಮಠದಲ್ಲಿ, ನಾಟಕ ಕಂಪನಿಯಲ್ಲಿ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಕಣ್ಣು ಕಾಣುತ್ತಿರಲಿಲ್ಲ. ಅಣ್ಣನಿಗೂ ಕಾಣುತ್ತಿರಲಿಲ್ಲ. ಇಬ್ಬರೂ ಹಾಡುತ್ತಿದ್ದರು. ಹಾನಗಲ್ ಕುಮಾರಸ್ವಾಮಿಗಳು ಆ ಹಾಡು ಕೇಳಿದರು. ಹೊಗಳಿ ಕೈಗೆ ನಾಲ್ಕು ಕಾಸು ಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡದೆ ಮಕ್ಕಳ ಹೊಣೆ ಹೊತ್ತುಕೊಂಡು ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿ.

ಗವಾಯಿಗಳೂ ಮುಂದೆ ಅದನ್ನೇ ಮಾಡಿದರು. ಈಗಿನ ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯನನ್ನು ಶಿಷ್ಯನಾಗಿ ತೆಗೆದುಕೊಂಡರು. ಅವರೇ ಪುಟ್ಟರಾಜ ಗವಾಯಿ. ಬಸವರಾಜ ರಾಜಗುರುಗಳು ಕಲಿತಿದ್ದೂ ಪಂಚಾಕ್ಷರಿ ಗವಾಯಿಗಳ ಬಳಿಯೇ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರಲ್ಲಿ ತಾವು ಕಣ್ಮುಚ್ಚುವವರೆಗೆ ನಡೆಸಿದರು.

ಆ ಆಶ್ರಮದಲ್ಲಿ ಏನಿತ್ತು ಎಂದು ನೋಡಿ. ಊಟ, ವಸತಿಗೆ ದುಡ್ಡಿಲ್ಲ. ವಿದ್ಯೆ ನಿಜವಾಗಿ ಗೊತ್ತಿರುವ ಗುರು. ದಿನಾ ಸಾಧನೆ. ಜೊತೆಗೆ ತನ್ನಂತೆಯೇ ಹಾಡುವ, ಕಣ್ಣು ಕಾಣದ ಬೇರೆ ಮಕ್ಕಳು. ವಿಶೇಷ ಬುದ್ಧಿಯ ಮಕ್ಕಳಿಗೆ ಬೇಕಾಗುವುದು ತಕ್ಕ ಗುರು, ತಕ್ಕ ಕಷ್ಟದ ಕೆಲಸ, ತಕ್ಕ ಗೆಳೆಯರು ಎಂದು ಮನಶ್ಶಾಸ್ತ್ರದವರು ಇವತ್ತು ಹೇಳುತ್ತಾರೆ. ಈ ಮೂರೂ ಅಲ್ಲಿದ್ದವು.

ದಾವಣಗೆರೆಯಲ್ಲಿ ಈ ಕೆಲಸವನ್ನು ನಾಟಕ ಕಂಪನಿ ಮಾಡಿತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಅವರ ಮಗಳು ಲೀಲಾ ಚಿಕ್ಕ ವಯಸ್ಸಿಗೇ ಬಣ್ಣ ಹಚ್ಚಿದರು. ಮುಂದೆ ಕಂಪನಿಯನ್ನೇ ನಡೆಸಿದರು, ಪದ್ಮಶ್ರೀ ಪಡೆದರು. ಅಪ್ಪನ ಕಂಪನಿಯೇ ಅವರಿಗೆ ಶಾಲೆ. ಆ ಕಾಲದಲ್ಲಿ ಅಂಥ ಅಪ್ಪ, ಅಂಥ ಕಂಪನಿ ಇಲ್ಲದ ಮನೆಯಲ್ಲಿ ಅಷ್ಟೇ ಚುರುಕಿನ ಹುಡುಗಿಯರು ಎಷ್ಟು ಜನ ಹುಟ್ಟಿದ್ದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಒಂದೇ ಕಾಲದ ಇಬ್ಬರು ಮಕ್ಕಳು

ಕಾಮತರು ಧಾರವಾಡದಲ್ಲಿ ಮಕ್ಕಳನ್ನು ಅಳೆಯುತ್ತಿದ್ದ ದಿನಗಳಲ್ಲೇ ಕನ್ನಡನಾಡಿನಲ್ಲಿ ಇಬ್ಬರು ಮಕ್ಕಳು ವೇದಿಕೆ ಹತ್ತಿ ದೊಡ್ಡವರನ್ನು ದಂಗುಬಡಿಸುತ್ತಿದ್ದರು. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸಿತು.

ಒಬ್ಬ ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8. ಚಿಕ್ಕ ಹುಡುಗ, ದೊಡ್ಡ ದೊಡ್ಡ ಗವಾಯಿಗಳ ಗ್ರಾಮಾಫೋನ್ ಪ್ಲೇಟು ಕೇಳಿ ಹಾಗೇ ಹಾಡಿಬಿಡುತ್ತಿದ್ದ. ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು, ಅದೇ ಹೆಸರು ನಿಂತಿತು. ತಂದೆ ಊರೂರು ಕರೆದುಕೊಂಡು ಹೋಗಿ ಹಾಡಿಸಿದರು.

ಹನ್ನೊಂದನೇ ವಯಸ್ಸಿನ ಸುಮಾರಿಗೆ ಅವನನ್ನು ಮುಂಬೈನ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆಗೆ ಬಿಟ್ಟರು. ಅವನ ಜೀವನದ ತಿರುವು ಅದೇ ಎಂದು ನಮಗೆ ಅನ್ನಿಸುತ್ತದೆ. ಪ್ಲೇಟಿನಲ್ಲಿ ಇದ್ದದ್ದನ್ನು ಹಾಡಲು ಬರುತ್ತಿತ್ತು. ಆದರೆ ರಾಗ ಎಂದರೇನು, ಯಾಕೆ ಹೀಗೆ ಹೋಗುತ್ತದೆ ಎಂಬುದನ್ನು ಅಲ್ಲಿ ಕೂತು ಕಲಿಯಬೇಕಾಯಿತು. ಮುಂದೆ ಅದೇ ಶಾಲೆಯಲ್ಲಿ ಕಲಿಸಿದನೂ ಹೌದು. ಮದುವೆಯಾದ ಹೊಸತರಲ್ಲಿ ಕ್ಷಯ ರೋಗ ಹಿಡಿದು, ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಬೇರೆ ಯಾರ ಅನುಕರಣೆಯೂ ಅಲ್ಲದ ತಮ್ಮದೇ ಗಾಯನ ತಂದರು. 1990ರಲ್ಲಿ ಪದ್ಮವಿಭೂಷಣ ಬಂತು. ಬಾಲಕನಾಗಿದ್ದಾಗಿನ ಚಮತ್ಕಾರ ಅಷ್ಟಕ್ಕೇ ನಿಂತಿದ್ದರೆ ಇವತ್ತು ಅವರನ್ನು ಯಾರು ಕೇಳುತ್ತಿದ್ದರು?

ಇನ್ನೊಬ್ಬರು ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟ ಕಲಿಸುವಾಗ ಅವಳಿಗೆ ಅಂಕಿಗಳು ಹಾಗೇ ನೆನಪಿರುವುದನ್ನು ಕಂಡರು. ಆಮೇಲೆ ಮಗಳ ಲೆಕ್ಕವೇ ಪ್ರದರ್ಶನವಾಯಿತು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡಿ ತೋರಿಸಿದರು. ಸರಿಯಾಗಿ ಶಾಲೆಗೆ ಹೋಗಲಾಗಲಿಲ್ಲ. ಮನೆಯ ಸಂಪಾದನೆ ಆ ಮಗುವಿನ ಮೇಲೆ ನಿಂತಿತು.

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಗಿನ್ನೆಸ್ ಪುಸ್ತಕ ಸೇರಿದರು. ಎಂಟು ವರ್ಷದ ನಂತರ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸೆನ್ ಅವರನ್ನು ಪರೀಕ್ಷಿಸಿದರು. ದೊಡ್ಡ ದೊಡ್ಡ ಮೂಲಗಳನ್ನು ಜೆನ್ಸೆನ್ ಬರೆದುಕೊಳ್ಳುವುದರೊಳಗೆ ಹೇಳಿಬಿಡುತ್ತಿದ್ದರಂತೆ. ಆದರೆ ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸಾಮಾನ್ಯ ಪರೀಕ್ಷೆಗಳಲ್ಲಿ ಅವರ ವೇಗ ಬೇರೆಯವರಿಗಿಂತ ವಿಶೇಷವೇನೂ ಇರಲಿಲ್ಲ.

ಇದರಿಂದ ತಿಳಿಯುವುದು ಇಷ್ಟು: ಪ್ರತಿಭೆ ಎನ್ನುವುದು ಎಲ್ಲ ಕಡೆ ಒಂದೇ ಸಮ ತುಂಬಿದ ಕೊಡವಲ್ಲ. ಒಂದು ವಿಷಯದಲ್ಲಿ ಬೆರಗು ಹುಟ್ಟಿಸುವ ಮಗು ಇನ್ನೊಂದರಲ್ಲಿ ಎಲ್ಲರಂತೆ ಇರಬಹುದು. ‘ಲೆಕ್ಕದಲ್ಲಿ ಇಷ್ಟು ಜಾಣ, ಕನ್ನಡದಲ್ಲಿ ಯಾಕೆ ಮೂವತ್ತೈದು?’ ಎಂದು ಹೊಡೆಯುವ ಮೊದಲು ಇದು ನೆನಪಿರಲಿ.

ಇಬ್ಬರ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ. ಕುಮಾರರಿಗೆ ಹನ್ನೊಂದನೇ ವಯಸ್ಸಿಗೆ ಒಬ್ಬ ಗುರು ಸಿಕ್ಕರು. ಶಕುಂತಲಾ ದೇವಿಯವರಿಗೆ ಸಿಕ್ಕವರು ಪ್ರೇಕ್ಷಕರು. ಅವರು ತಮ್ಮ ಬಲದಿಂದಲೇ ಜಗತ್ತಿಗೆ ಹೆಸರಾದರು, ಮಕ್ಕಳಿಗೆ ಲೆಕ್ಕದ ಭಯ ಬಿಡಿಸುವ ಪುಸ್ತಕ ಬರೆದರು. ಆದರೆ ಅಷ್ಟು ಅಂಕಿಬಲ ಇದ್ದ ಮಗುವಿಗೆ ಗಣಿತ ಶಾಸ್ತ್ರವನ್ನೇ ಕಲಿಸುವವರು ಸಿಕ್ಕಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಹಳ್ಳಿಯ ಹುಡುಗನನ್ನು ಕುರ್ಚಿ ಮೇಲೆ ನಿಲ್ಲಿಸಿದ ನಮಗೆ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ.

ಜರಡಿಯಲ್ಲಿ ಬಿದ್ದುಹೋದವರು

ಪರೀಕ್ಷೆ ಮಾಡಿದರೆ ಎಲ್ಲ ಪ್ರತಿಭೆಯೂ ಸಿಕ್ಕಿಬಿಡುತ್ತದೆಯೇ? ಇದಕ್ಕೆ ಉತ್ತರ ಟರ್ಮನ್ ಕಥೆಯಲ್ಲೇ ಇದೆ. ಅವರು 1921ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಐಕ್ಯೂ ಇರುವ ಸುಮಾರು 1,500 ಮಕ್ಕಳನ್ನು ಆರಿಸಿ, ಜೀವನವಿಡೀ ಅವರ ಬೆನ್ನು ಹತ್ತಿದರು. ಬಹಳ ಜನ ಚೆನ್ನಾಗಿ ಓದಿ ಒಳ್ಳೆಯ ಕೆಲಸ ಹಿಡಿದರು. ಅತಿ ಜಾಣ ಮಕ್ಕಳು ರೋಗಿಷ್ಠರು, ಅರೆಹುಚ್ಚರು ಎಂಬ ಹಳೆಯ ನಂಬಿಕೆ ಸುಳ್ಳೆಂದು ಗೊತ್ತಾಯಿತು. ಆದರೆ ಆ ಗುಂಪಿನಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆ ಮಾಡಿ ‘ಸಾಲದು’ ಎಂದು ಕೈಬಿಟ್ಟ ಇಬ್ಬರು ಹುಡುಗರಿಗೆ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು. ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ.

ಟರ್ಮನ್ ಮಾಡಿದ ಇನ್ನೊಂದು ಎಡವಟ್ಟು ನಮ್ಮ ಶಾಲೆಗಳಲ್ಲೂ ನಡೆಯುತ್ತದೆ. ಯಾವ ಮಗುವನ್ನು ಪರೀಕ್ಷಿಸಬೇಕು ಎಂದು ಮೊದಲು ಟೀಚರ್‌ಗಳನ್ನು ಕೇಳುತ್ತಿದ್ದರು. ಟೀಚರ್ ಕಣ್ಣಿಗೆ ಜಾಣ ಎಂದರೆ ಸುಮ್ಮನೆ ಕೂರುವ, ಅಕ್ಷರ ದುಂಡಗಿರುವ ಮಗು. ಪಾಠ ಹತ್ತು ನಿಮಿಷದಲ್ಲಿ ತಿಳಿದುಕೊಂಡು ಉಳಿದ ಮೂವತ್ತು ನಿಮಿಷ ಪಕ್ಕದವನನ್ನು ಚಿವುಟುವವನು ಆ ಪಟ್ಟಿಗೆ ಬರುವುದು ಕಷ್ಟ. ಅವನಿಗೆ ತಲೆಹರಟೆ ಎಂದು ಹೆಸರು ಬಿದ್ದಿರುತ್ತದೆ.

ನಮ್ಮ ದೇಶದಲ್ಲಿ ಸರ್ಕಾರ ಜರಡಿ ಹಿಡಿದದ್ದು 1960ರ ದಶಕದಲ್ಲಿ. 1963ರಲ್ಲಿ ದೆಹಲಿಯಲ್ಲಿ ವಿಜ್ಞಾನ ಪ್ರತಿಭಾ ಶೋಧ ಪರೀಕ್ಷೆ ಶುರುವಾಗಿ ಮುಂದಿನ ವರ್ಷ ದೇಶಕ್ಕೆ ಹಬ್ಬಿತು. ಅದೇ ಮುಂದೆ ಎನ್‌ಟಿಎಸ್‌ಇ ಆಯಿತು. ಅದು ಕೆಲವು ವರ್ಷಗಳಿಂದ ನಿಂತಿದೆ. ಹಳ್ಳಿ ಮಕ್ಕಳಿಗೆಂದೇ ಬಂದದ್ದು ನವೋದಯ ವಿದ್ಯಾಲಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಅದು. ನಮ್ಮ ಜಿಲ್ಲೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ. ಆರನೇ ತರಗತಿಗೆ ಪ್ರವೇಶ, ಸಾಮಾನ್ಯವಾಗಿ 80 ಸೀಟು. ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ.

ಆ ಪ್ರವೇಶ ಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆ ಮಾನಸಿಕ ಸಾಮರ್ಥ್ಯದವು, ಚಿತ್ರ ನೋಡಿ ಉತ್ತರಿಸುವಂಥವು. ಪುಸ್ತಕವೇ ಇಲ್ಲದ ಮನೆಯ ಮಗುವೂ ಯೋಚಿಸಿ ಉತ್ತರ ಕೊಡಲಿ ಎಂದು ಹಾಗೆ ಮಾಡಿದ್ದು. ಆದರೆ ಈಗ ಆ ಚಿತ್ರಗಳಿಗೂ ಕೋಚಿಂಗ್ ಇದೆ. ನಾಲ್ಕನೇ ತರಗತಿಯಿಂದಲೇ ಮಗುವನ್ನು ಕೂರಿಸಿ ಸಾವಿರ ಚಿತ್ರ ಉರು ಹೊಡೆಸುತ್ತಾರೆ. ದುಡ್ಡು ಕೊಟ್ಟು ತರಬೇತಿ ಪಡೆದವರ ಮುಂದೆ, ಅರ್ಜಿ ಹಾಕಬೇಕೆಂಬುದೇ ಗೊತ್ತಿಲ್ಲದ ಕೂಲಿಯವರ ಮಗಳು ಹೇಗೆ ನಿಲ್ಲಬೇಕು?

ದಾವಣಗೆರೆಯ ಕಥೆಯೂ ಇದಕ್ಕೆ ಸೇರುತ್ತದೆ. ಒಂದು ಕಾಲದಲ್ಲಿ ಇದು ಹತ್ತಿ ಗಿರಣಿಗಳ ಊರು, ಹರಿಹರ ಕಿರ್ಲೋಸ್ಕರ್ ಲೇತ್‌ಗಳ ಊರು. ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಮೆಡಿಕಲ್ ಕಾಲೇಜು ಬಂದು, ಊರು ಕಾಲೇಜುಗಳ ಊರಾಯಿತು. ಹೊರಗಿನಿಂದ ಸಾವಿರಾರು ಮಕ್ಕಳು ಓದಲು ಬಂದರು. ಅದೇ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ ಕುಡಿಯುತ್ತಾ ಮಕ್ಕಳು ದುಡಿದ ಕಾಲವೂ ಇತ್ತು. ಎಷ್ಟು ಚೀಲ, ಎಷ್ಟು ಸೇರು, ಎಷ್ಟು ಕೂಲಿ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಆ ಮಕ್ಕಳನ್ನು ಯಾವ ಕಾಮತರ ಪರೀಕ್ಷೆಗೂ ಯಾರೂ ಕೂರಿಸಲಿಲ್ಲ.

ಹಾಗಾದರೆ ಏನು ನೋಡಬೇಕು?

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸುಮಾರು 2010ರಿಂದ ಇದರ ಮೇಲೆ ಕೆಲಸ ಮಾಡಿದೆ. ಒಂದೇ ಅಂಕವನ್ನು ನಂಬದೆ, ಮಗುವಿನ ದಿನನಿತ್ಯದ ನಡವಳಿಕೆಯಲ್ಲಿ ಟೀಚರ್‌ಗಳು ಗಮನಿಸಬೇಕಾದ ಗುರುತುಗಳ ಪಟ್ಟಿ ಮಾಡುವುದು ಅವರ ದಾರಿ. 2020ರ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳನ್ನು ಟೀಚರ್‌ಗಳು ಗುರುತಿಸಿ, ಪಠ್ಯದ ಆಚೆಗೂ ಕಲಿಸಬೇಕು ಎನ್ನುತ್ತದೆ.

ಓದಿದ್ದು, ಕೇಳಿದ್ದು, ನಮ್ಮ ಕಣ್ಣಾರೆ ಕಂಡದ್ದು ಸೇರಿಸಿ ಕೆಲವು ಮಾತು ಹೇಳುತ್ತೇವೆ.

ಉರು ಹೊಡೆದು ಹೇಳುವ ಮಗುವಿಗಿಂತ ಪ್ರಶ್ನೆ ಕೇಳುವ ಮಗುವನ್ನು ಹೆಚ್ಚು ಗಮನಿಸಿ. ಒಂದೇ ವಿಷಯದ ಬೆನ್ನು ಬಿದ್ದು ಊಟ ಮರೆಯುವುದು, ಕೆಟ್ಟ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ನೋಡುವುದು, ತನಗಿಂತ ದೊಡ್ಡವರ ಜೊತೆ ಮಾತಿಗೆ ಕೂರುವುದು, ‘ಇದು ಅನ್ಯಾಯ’ ಎಂದು ಸಣ್ಣದಕ್ಕೂ ಅಳುವುದು, ಇವೆಲ್ಲ ಗುರುತುಗಳು ಇರಬಹುದು.

ತಲೆ ಹತ್ತು ವರ್ಷದ್ದಾದರೂ ಮನಸ್ಸು ಆರು ವರ್ಷದ್ದೇ ಇರುತ್ತದೆ. ರಾಜಧಾನಿ ಹೇಳುವ ಹುಡುಗನೂ ರಾತ್ರಿ ಕತ್ತಲಿಗೆ ಹೆದರಿ ಅಮ್ಮನ ಸೆರಗು ಹಿಡಿಯುತ್ತಾನೆ. ‘ಇಷ್ಟು ಜಾಣ ಆಗಿ ಅಳ್ತೀಯಲ್ಲ’ ಎನ್ನಬೇಡಿ.

ಹೊಗಳಿಕೆಯಲ್ಲೂ ಲೆಕ್ಕ ಇರಲಿ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್, ಕ್ಯಾರೊಲ್ ಡ್ವೆಕ್ ಎಂಬಿಬ್ಬರು ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಕೆಲವರನ್ನು ‘ನೀನು ಬಹಳ ಜಾಣ’ ಎಂದು, ಕೆಲವರನ್ನು ‘ಬಹಳ ಶ್ರಮಪಟ್ಟೆ’ ಎಂದು ಹೊಗಳಿದರು. ಜಾಣ ಎನ್ನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ ಲೆಕ್ಕವನ್ನೇ ಆರಿಸಿಕೊಂಡರು, ಸೋತರೆ ಬೇಗ ಕೈಬಿಟ್ಟರು. ಜಾಣ ಎಂಬ ಹೆಸರು ಕಳೆದುಕೊಳ್ಳುವ ಭಯ ಅದು. ನಮ್ಮ ಫ್ಲೆಕ್ಸ್‌ಗಳು ಮಕ್ಕಳಿಗೆ ಕೊಡುವುದೂ ಇದೇ ಭಯವನ್ನು.

ಇನ್ನು ಕೈಗೆ ಸಿಗುವ ಎರಡು ದಾರಿ. ಮಗು ಐದನೇ ತರಗತಿಗೆ ಬಂದ ಕೂಡಲೇ ನವೋದಯದ ಅರ್ಜಿ ಯಾವಾಗ ಎಂದು ಹೆಡ್‌ಮಾಸ್ತರರನ್ನು ಕೇಳಿ. ಅರ್ಜಿಗೆ ಶುಲ್ಕವಿಲ್ಲ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಹೆಣ್ಣುಮಗಳ ಓದು ಹತ್ತಕ್ಕೆ ಸಾಕು ಎನ್ನುವ ಮನೆಯಲ್ಲಿ ಈ ದುಡ್ಡು ಎರಡು ವರ್ಷ ಮದುವೆ ಮಾತನ್ನು ಮುಂದೂಡಿದ್ದನ್ನು ನಾವು ನೋಡಿದ್ದೇವೆ.

ಮತ್ತೆ ಆ ಹುಡುಗ

ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ದಿನ ಆ ಹಳ್ಳಿಗೆ ಮತ್ತೆ ಹೋದೆವು. ಆ ಹಳೆಯ ವಿಡಿಯೊವನ್ನು ನಮ್ಮ ಪುಟದಿಂದ ಅಳಿಸಿದ್ದೇವೆ ಎಂದು ತಾಯಿಗೆ ಹೇಳಿದೆವು. ಬೇರೆಯವರ ಫೋನುಗಳಲ್ಲಿ ಅದು ಇನ್ನೂ ಇದೆ, ಅದಕ್ಕೆ ನಾವೇನೂ ಮಾಡುವ ಹಾಗಿಲ್ಲ. ತಾಯಿ ಚಹಾ ಕೊಟ್ಟರು. ಹುಡುಗ ಪಂಚಾಯ್ತಿಯ ಅರಿವು ಕೇಂದ್ರದಲ್ಲಿದ್ದಾನೆ, ದಿನಾ ಸಂಜೆ ಅಲ್ಲೇ ಕೂರುತ್ತಾನೆ ಎಂದರು.

ಹೋಗಿ ನೋಡಿದೆವು. ದೊಡ್ಡ ನಕಾಶೆ ಪುಸ್ತಕ ಹರಡಿಕೊಂಡು ಕೂತಿದ್ದ. ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಸ್ವಲ್ಪ ದೂರದಲ್ಲಿ ಕೂತೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ: ‘ಸರ್, ಒಂದು ದೇಶಕ್ಕೆ ಒಂದೇ ರಾಜಧಾನಿ ಯಾಕೆ ಇರ್ಬೇಕು?’

ನಮಗೆ ಥಟ್ಟನೆ ಉತ್ತರ ಬರಲಿಲ್ಲ. ಅವನು ದಕ್ಷಿಣ ಆಫ್ರಿಕಾದ ಪುಟ ತೆಗೆದು ತೋರಿಸಿದ. ಅಲ್ಲಿ ಮೂರು ರಾಜಧಾನಿಗಳಿವೆ. ಪ್ರಿಟೋರಿಯಾ, ಕೇಪ್‌ಟೌನ್, ಬ್ಲೂಮ್‌ಫಾಂಟೇನ್. ಯಾಕೆ ಮೂರು ಎಂದು ಇಬ್ಬರೂ ಕೂತು ಓದಿದೆವು. ಒಂದು ಕಡೆ ಸರ್ಕಾರ, ಒಂದು ಕಡೆ ಪಾರ್ಲಿಮೆಂಟು, ಒಂದು ಕಡೆ ಕೋರ್ಟು. ‘ನಮ್ಮಲ್ಲಿ ಬೆಳಗಾವಿ ಸುವರ್ಣಸೌಧ ಇದ್ದಂಗೆ’ ಎಂದ. ಅಷ್ಟರಲ್ಲಿ ಮೇಲ್ವಿಚಾರಕರು ಬಾಗಿಲು ಹಾಕುವ ಹೊತ್ತಾಯಿತು ಎಂದರು.

ಅವನು ಈಗ ಐದನೇ ತರಗತಿ. ನವೋದಯದ ಅರ್ಜಿ ಹಾಕಿಸಿದ್ದೇವೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೂ ತಿಂಗಳಿಗೊಂದು ಪುಸ್ತಕ ತಂದುಕೊಡುವುದಾಗಿ ಮಾತು ಕೊಟ್ಟಿದ್ದೇವೆ.

ನಿಮ್ಮ ಊರಿನಲ್ಲೂ ಇಂಥ ಮಗು ಇದ್ದರೆ ನಮಗೆ ತಿಳಿಸಿ. ಸುದ್ದಿ ಮಾಡುವುದಿಲ್ಲ. ಯಾವ ಪುಸ್ತಕ, ಯಾವ ಪರೀಕ್ಷೆ, ಯಾವ ಮೇಷ್ಟ್ರು ಎಂದು ಒಟ್ಟಿಗೆ ಹುಡುಕೋಣ.